ಭೀಮ ಬಂದ, ಢೋಲಕ್‌ಪುರ ಬರಲಿಲ್ಲ

ನೀವು 1995ರಿಂದ 2003ರ ಒಳಗೆ ಹುಟ್ಟಿದವರಾ? ಹಾಗಾದರೆ ನಿಮ್ಮ ಬಾಲ್ಯದ ಯಾವುದಾದರೂ ಒಂದು ಕಾರ್ಟೂನು ಈಗಾಗಲೇ ದೊಡ್ಡ ಪರದೆಗೆ ‘ಹೊಸ ಅವತಾರ’ದಲ್ಲಿ ಬಂದು ಹೋಗಿರುತ್ತದೆ, ಇಲ್ಲದಿದ್ದರೆ ಬರಲಿಕ್ಕೆ ತಯಾರಾಗುತ್ತಿರುತ್ತದೆ. ಟ್ರೇಲರ್ ಬಿಟ್ಟ ದಿನ ಶಾಲೆಯ ವಾಟ್ಸಾಪ್ ಗ್ರೂಪು ಎರಡು ವರ್ಷದ ನಿದ್ದೆಯಿಂದ ಎದ್ದು ಕೂರುತ್ತದೆ. “ಹೋಗುವನಾ?” ಅಂತ ಒಬ್ಬ ಕೇಳುತ್ತಾನೆ. ಹತ್ತು ಜನ ಹೆಬ್ಬೆರಳು ಎತ್ತುತ್ತಾರೆ. ಸಿನಿಮಾ ನೋಡಿ ಬಂದ ಮೇಲೆ ಅದೇ ಗ್ರೂಪಿನಲ್ಲಿ ಯಾರಿಗೂ ಮಾತಿಲ್ಲ.

ಇವತ್ತಿನ ಅಂಕಣ ಆ ಮೌನದ ಬಗ್ಗೆ. ನನ್ನ ಮಟ್ಟಿಗೆ ಆ ಸಿನಿಮಾ ‘ಛೋಟಾ ಭೀಮ್ ಅಂಡ್ ದ ಕರ್ಸ್ ಆಫ್ ದಮ್ಯಾನ್’. 2024ರ ಮೇ 31ರಂದು ಥಿಯೇಟರಿಗೆ ಬಂದದ್ದು, ನಿಜವಾದ ಮನುಷ್ಯರು ನಟಿಸಿದ್ದು. ಬಂದು ಹೋಗಿ ಎಷ್ಟೋ ಸಮಯವಾದ ಸಿನಿಮಾದ ಬಗ್ಗೆ ಈಗ ಎಂತಕ್ಕೆ ಅಂತ ನೀವು ಕೇಳಬಹುದು. ಕಾರಣ ಉಂಟು, ಕೊನೆಯ ಹೊತ್ತಿಗೆ ಹೇಳುತ್ತೇನೆ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಛೋಟಾ ಭೀಮ್ ಪೋಗೋ ಚಾನೆಲಿನಲ್ಲಿ ಶುರುವಾದದ್ದು 2008ರ ಏಪ್ರಿಲ್‌ನಲ್ಲಿ. ಮಾಡಿದ್ದು ಹೈದರಾಬಾದಿನ ಗ್ರೀನ್ ಗೋಲ್ಡ್ ಆನಿಮೇಷನ್, ಅದರ ಹಿಂದಿದ್ದವರು ರಾಜೀವ್ ಚಿಲಕ. ಮಹಾಭಾರತದ ಭೀಮನ ಹೆಸರು, ಶಕ್ತಿ, ಹೊಟ್ಟೆ ಮೂರನ್ನೂ ಒಂದು ಹಳ್ಳಿಯ ಹುಡುಗನಿಗೆ ಕೊಟ್ಟರು. ಕೇಸರಿ ಪಂಚೆ, ಬರಿ ಮೈ, ಲಡ್ಡು ತಿಂದರೆ ಉಬ್ಬುವ ತೋಳು. ಜೊತೆಗೆ ಚುಟ್ಕಿ, ರಾಜು, ಜಗ್ಗು ಎಂಬ ಮಾತಾಡುವ ಮಂಗ, ಹೊಟ್ಟೆಕಿಚ್ಚಿನ ಕಾಲಿಯಾ, ಅವನ ಹಿಂದೆ ಮುಂದೆ ಸುತ್ತುವ ಢೋಲು-ಭೋಲು. ಅದಕ್ಕಿಂತ ಮೊದಲು ನಾವು ನೋಡುತ್ತಿದ್ದ ಹೆಚ್ಚಿನ ಕಾರ್ಟೂನು ಜಪಾನಿನದ್ದು, ಅಮೆರಿಕದ್ದು. ಇಲ್ಲಿ ಮೊದಲ ಸಲ ಪಂಚೆ ಉಟ್ಟವನೊಬ್ಬ ಹೀರೋ ಆದ. ಮರುವರ್ಷ ಜೂನ್‌ನಲ್ಲಿ ಶಾಲೆಯ ಬ್ಯಾಗು, ನೀರಿನ ಬಾಟಲಿ, ಕೊಡೆ ಎಲ್ಲದರ ಮೇಲೂ ಅವನೇ.

ನಾಲ್ಕು ಗಂಟೆಯಿಂದ ಏಳು ಗಂಟೆ

ನಮ್ಮ ಮನೆ ಕಂಕನಾಡಿಯಲ್ಲಿ. ಕಂಕನಾಡಿ ಅಂದರೆ ಮಾರ್ಕೆಟ್ಟು, ಆಸ್ಪತ್ರೆ, ನಿಲ್ಲದೆ ಹಾರ್ನ್ ಹಾಕುವ ಸಿಟಿ ಬಸ್ಸು. ಇಲ್ಲಿಯ ಎಷ್ಟೋ ಮನೆಗಳ ಹಾಗೆ ನಮ್ಮದೂ ಒಂದು ನರ್ಸ್ ಮನೆ. ಅಮ್ಮನಿಗೆ ಶಿಫ್ಟ್ ಡ್ಯೂಟಿ. ಅಪ್ಪ ಗಲ್ಫಿನಲ್ಲಿ. ನಾನು, ನನಗಿಂತ ನಾಲ್ಕು ವರ್ಷ ಸಣ್ಣವನಾದ ತಮ್ಮ, ಇಬ್ಬರೂ ನಾಲ್ಕು ಗಂಟೆಗೆ ಶಾಲೆಯಿಂದ ಬಂದರೆ ಅಮ್ಮ ಬರುವುದು ಏಳರ ನಂತರ. ಬೀಗದ ಕೈ ಪಕ್ಕದ ಮನೆಯ ಬಾಯಮ್ಮನ ಹತ್ತಿರ. ಡಬ್ಬಿಯಲ್ಲಿ ಬೆಳಿಗ್ಗೆ ಮಾಡಿಟ್ಟ ಬನ್ಸ್, ಫ್ಲಾಸ್ಕಿನಲ್ಲಿ ಚಾ. ಬಾಗಿಲು ಒಳಗಿನಿಂದ ಹಾಕಿಕೊಳ್ಳಬೇಕು, ಯಾರು ಬೆಲ್ ಮಾಡಿದರೂ ತೆರೆಯಬಾರದು, ಗ್ಯಾಸ್ ಮುಟ್ಟಬಾರದು. ಇವು ನಮ್ಮ ಮನೆಯ ಸಂವಿಧಾನ.

ಆ ಮೂರು ಗಂಟೆ ನಮ್ಮನ್ನು ನೋಡಿಕೊಂಡದ್ದು ಯಾರು ಅಂದರೆ ಪೋಗೋ ಚಾನೆಲ್. ಇದನ್ನು ಬೇಸರದಲ್ಲಿ ಹೇಳುತ್ತಿಲ್ಲ. ಜೂನ್-ಜುಲೈಯಲ್ಲಿ ಸಂಜೆ ಐದಕ್ಕೇ ಕತ್ತಲಾಗಿ, ಹೊರಗೆ ಧೋ ಅಂತ ಮಳೆ ಹೊಯ್ಯುತ್ತಿರುವಾಗ, ಇಬ್ಬರು ಮಕ್ಕಳು ಮಾತ್ರ ಇರುವ ಮನೆಯಲ್ಲಿ ಒಂದು ಶಬ್ದ ಬೇಕಾಗುತ್ತದೆ. ಮಳೆ ಜೋರಾದರೆ ಡಿಶ್ ಸಿಗ್ನಲ್ ಹೋಗುತ್ತಿತ್ತು. ಪರದೆ ನೀಲಿ ಆಗುತ್ತಿತ್ತು. ಆಗ ತಮ್ಮ ಏನೂ ಹೇಳದೆ ಬಂದು ನನ್ನ ಪಕ್ಕ ಒತ್ತಿಕೊಂಡು ಕೂರುತ್ತಿದ್ದ. ಮತ್ತೆ ಭೀಮನ ದನಿ ಕೇಳಿದ ಕೂಡಲೇ ಎದ್ದು ತನ್ನ ಜಾಗಕ್ಕೆ ಹೋಗುತ್ತಿದ್ದ.

ನಮಗೆ ಹಿಂದಿ ಬಂದದ್ದೂ ಹಾಗೆಯೇ. ಮನೆಯಲ್ಲಿ ತುಳು, ಬಾಯಮ್ಮನ ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಕನ್ನಡ, ಕ್ಲಾಸಿನಲ್ಲಿ ಇಂಗ್ಲಿಷು, ಟಿವಿಯಲ್ಲಿ ಹಿಂದಿ. 2009ರಲ್ಲಿ ಚಿಂಟು ಟಿವಿ ಶುರುವಾಗಿ ಡೋರಾ, ಜಾಕಿ ಚಾನ್ ಕನ್ನಡದಲ್ಲಿ ಮಾತಾಡತೊಡಗಿದಾಗ ಎಷ್ಟು ವಿಚಿತ್ರ ಖುಷಿ ಆಗಿತ್ತು ಗೊತ್ತಾ? ಟಿವಿಯೊಳಗಿನವರಿಗೆ ನಮ್ಮ ವಿಳಾಸ ಸಿಕ್ಕಿತು ಅನ್ನುವ ಹಾಗೆ. ಆದರೂ ಭೀಮ ಮಾತ್ರ ನಮಗೆ ಹಿಂದಿಯವನೇ. ತಮ್ಮ ಈಗ ಶಾರ್ಜಾದಲ್ಲಿ ಕೆಲಸ ಮಾಡುತ್ತಾನೆ, ರೂಮಿನಲ್ಲಿ ಇರುವವರೆಲ್ಲ ಉತ್ತರ ಪ್ರದೇಶದವರು. ಅವನ ಹಿಂದಿ ಕೇಳಿ ಅವರು ನಗುತ್ತಾರಂತೆ, ಕಾರ್ಟೂನಿನ ಹಾಗೆ ಮಾತಾಡುತ್ತೀ ಅಂತ.

ಇಷ್ಟೆಲ್ಲ ಹೇಳಿದ್ದು ಒಂದು ಕಾರಣಕ್ಕೆ. ‘ಬಾಲ್ಯದ ನೆನಪು’ ಅಂತ ಸಿನಿಮಾದವರು ಮಾರುವುದು ಪಾತ್ರದ ಹೆಸರನ್ನು, ವೇಷವನ್ನು, ಟೈಟಲ್ ಹಾಡಿನ ರಾಗವನ್ನು. ನಾವು ಕಾಸು ಕೊಟ್ಟು ಹೋಗುವುದು ಬೇರೆಯೇ ಒಂದಕ್ಕೆ. ಅದು ಎಂತ ಅಂತ ಕೇಳಿದರೆ ನಮಗೂ ಕೂಡಲೇ ಹೇಳಲಿಕ್ಕೆ ಬರುವುದಿಲ್ಲ.

ಚಿಕ್ಕೀ, ಇವನಿಗೆ ನೋವಾಗುದಿಲ್ವಾ?

ನಾನು ಸಿನಿಮಾಕ್ಕೆ ಹೋದದ್ದು ದೊಡ್ಡಮ್ಮನ ಮಗಳು ಮತ್ತು ಅವಳ ಆರು ವರ್ಷದ ಮಗನ ಜೊತೆ, ಊರಿನ ಒಂದು ಮಾಲಿನಲ್ಲಿ. ಶಾಲೆ ಬಾಗಿಲು ತೆರೆಯುವ ವಾರ ಅದು. ಪುಸ್ತಕಕ್ಕೆ ಬೈಂಡ್ ಹಾಕುವ, ಯೂನಿಫಾರ್ಮಿನ ಹೊಲಿಗೆ ಬಿಚ್ಚಿ ಉದ್ದ ಮಾಡುವ ಗಡಿಬಿಡಿ. ನಮ್ಮ ಸಾಲಿನಲ್ಲಿ ನಾವು ಮೂವರೇ.

ಕಥೆ ಗೊತ್ತಿದ್ದದ್ದೇ. 2012ರ ಮೇ 18ರಂದು ಇದೇ ಹೆಸರಿನಲ್ಲಿ ಬಂದ ಕಾರ್ಟೂನ್ ಸಿನಿಮಾದ ಕಥೆಯನ್ನೇ ಎತ್ತಿಕೊಂಡಿದ್ದಾರೆ. ಮರಳುಗಾಡಿನ ನಡುವೆ ಸೋನಾಪುರ ಎಂಬ ನಗರ. ಅಲ್ಲಿ ಬಂಧನದಲ್ಲಿರುವ ದಮ್ಯಾನ್ ಎಂಬ ದುಷ್ಟ. ಚಿನ್ನದ ಆಸೆ ತೋರಿಸಿ ಢೋಲಕ್‌ಪುರದವರನ್ನು ಅಲ್ಲಿಗೆ ಎಳೆದುಕೊಂಡು ಹೋಗುತ್ತಾರೆ, ದಮ್ಯಾನ್ ಬಿಡುಗಡೆಯಾಗುತ್ತಾನೆ. ಅವನನ್ನು ತಡೆಯಲಿಕ್ಕೆ ಭೀಮ ಮತ್ತು ಗೆಳೆಯರು ಸಾವಿರ ವರ್ಷ ಹಿಂದಕ್ಕೆ ಹೋಗಬೇಕು. ಭೀಮನಾಗಿ ಯಜ್ಞ ಭಾಸಿನ್, ಗುರು ಶಂಭು ಆಗಿ ಅನುಪಮ್ ಖೇರ್, ಸ್ಕಂಧಿಯಾಗಿ ಮಕರಂದ್ ದೇಶಪಾಂಡೆ. ನಿರ್ದೇಶನ ಮೂಲ ಕರ್ತೃ ರಾಜೀವ್ ಚಿಲಕ ಅವರದ್ದೇ. ಅಂದರೆ, ಯಾರೋ ಹೊರಗಿನವರು ಬಂದು ನಮ್ಮ ಭೀಮನನ್ನು ಹಾಳು ಮಾಡಿದರು ಅಂತ ಹೇಳಲಿಕ್ಕೂ ಇಲ್ಲ. ಮಾಡಿದವರು ಮನೆಯವರೇ.

ಮಕ್ಕಳ ನಟನೆಯ ಬಗ್ಗೆ ನನಗೆ ದೂರು ಇಲ್ಲ. ಪಾಪ, ಅವರು ಮನಸಿಟ್ಟು ಮಾಡಿದ್ದಾರೆ. ಭಾರತದ ಸ್ಟುಡಿಯೋ ಒಂದು ತಾನೇ ಹುಟ್ಟಿಸಿದ ಪಾತ್ರವನ್ನು ಇಷ್ಟು ದೂರ ತಂದದ್ದೂ ಸಣ್ಣ ವಿಷಯ ಅಲ್ಲ. ಆದರೂ ಅರ್ಧ ಗಂಟೆ ಆಗುವಾಗ ನನಗೆ ಎಂತದೋ ಸರಿ ಇಲ್ಲ ಅನಿಸತೊಡಗಿತು. ಎಂತ ಅಂತ ಹಿಡಿಯಲಿಕ್ಕೆ ಆಗಲಿಲ್ಲ. ಹಿಡಿದುಕೊಟ್ಟದ್ದು ಪಕ್ಕದಲ್ಲಿದ್ದ ಆರು ವರ್ಷದವನು. ಒಂದು ಹೊಡೆದಾಟದ ನಡುವೆ ನನ್ನ ಕೈ ಎಳೆದು ಕೇಳಿದ, “ಚಿಕ್ಕೀ, ಇವನಿಗೆ ನೋವಾಗುದಿಲ್ವಾ?”

ಇದೇ ಹುಡುಗ ಮನೆಯಲ್ಲಿ ಕಾರ್ಟೂನ್ ಭೀಮ ಬೆಟ್ಟದಿಂದ ಬಿದ್ದಾಗ ಬಿದ್ದು ಬಿದ್ದು ನಗುವವನು. ಅಲ್ಲಿ ಒಂದು ಸಲವೂ ಈ ಪ್ರಶ್ನೆ ಕೇಳಿದವನಲ್ಲ.

ಆನಿಮೇಷನ್ ಕಲಿಯುವವರಿಗೆ ಮೊದಲ ಪಾಠದಲ್ಲೇ ಹೇಳಿಕೊಡುವ ಒಂದು ತತ್ತ್ವ ಉಂಟು. ಇಂಗ್ಲಿಷಿನಲ್ಲಿ ಸ್ಕ್ವಾಶ್ ಅಂಡ್ ಸ್ಟ್ರೆಚ್ ಅನ್ನುತ್ತಾರೆ. ಚೆಂಡು ನೆಲಕ್ಕೆ ಬಡಿದಾಗ ಚಪ್ಪಟೆ ಆಗಬೇಕು, ಪುಟಿದು ಮೇಲೇಳುವಾಗ ಉದ್ದ ಆಗಬೇಕು, ಎರಡರಲ್ಲೂ ಒಟ್ಟು ಗಾತ್ರ ಅಷ್ಟೇ ಇರಬೇಕು. ಡಿಸ್ನಿಯ ಹಿರಿಯ ಕಲಾವಿದರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ತಂದ ‘ದ ಇಲ್ಯೂಷನ್ ಆಫ್ ಲೈಫ್’ ಎಂಬ ಪುಸ್ತಕದಲ್ಲಿ ಪಟ್ಟಿ ಮಾಡಿದ 12 ತತ್ತ್ವಗಳಲ್ಲಿ ಇದು ಮೊದಲನೆಯದು. ಕಾರ್ಟೂನಿನ ಮೈ ರಬ್ಬರಿನದ್ದು. ಬಿದ್ದರೆ ದೋಸೆ ಆಗುತ್ತದೆ, ಎದ್ದರೆ ಮೊದಲಿನ ಹಾಗೆ. ಇದು ನೋವಿಲ್ಲದ ಲೋಕ ಅಂತ ಮಗುವಿನ ಕಣ್ಣಿಗೆ ಮಾತಿಲ್ಲದೆ ಗೊತ್ತಾಗಿಬಿಡುತ್ತದೆ. ಹಾಗಾಗಿ ಧೈರ್ಯವಾಗಿ ನಗುತ್ತದೆ.

ನಿಜವಾದ ಹುಡುಗನಿಗೆ ನಿಜವಾದ ಎಲುಬು ಇರುತ್ತದೆ. ಅವನನ್ನು ಎಷ್ಟೇ ಗ್ರಾಫಿಕ್ಸ್ ಹಾಕಿ ಹಾರಿಸಿದರೂ ನಮ್ಮ ಕಣ್ಣು ಆ ಎಲುಬನ್ನು ಮರೆಯುವುದಿಲ್ಲ. ಅವನು ದೊಡ್ಡವರನ್ನು ಎತ್ತಿ ಎಸೆದರೆ ಇದು ಹಗ್ಗ ಕಟ್ಟಿ ಎಳೆದದ್ದು ಅಂತ ಕಾಣುತ್ತದೆ. ಅವನು ಬಿದ್ದರೆ ಅಯ್ಯೋ ಅನಿಸುತ್ತದೆ. ಕಾರ್ಟೂನಿನಲ್ಲಿ ತಮಾಷೆ ಆದದ್ದು ಇಲ್ಲಿ ಗಾಬರಿ. ಅಲ್ಲಿ ಸಾಹಸ ಆದದ್ದು ಇಲ್ಲಿ ಸುಳ್ಳು.

ಈ ಪೆಟ್ಟು ತಿಂದವರು ಹೈದರಾಬಾದಿನವರು ಮಾತ್ರ ಅಲ್ಲ. ಡಿಸ್ನಿಯವರು 2019ರಲ್ಲಿ ‘ದ ಲಯನ್ ಕಿಂಗ್’ ಅನ್ನು ಮತ್ತೆ ಮಾಡಿದರಲ್ಲ, ಅಲ್ಲಿಯೂ ಇದೇ ಕಥೆ. 1994ರ ಸಿಂಬಾನಿಗೆ ಹುಬ್ಬು ಇತ್ತು, ತುಟಿ ಇತ್ತು, ಅಳುವ ಮುಖ ಇತ್ತು. 2019ರಲ್ಲಿ ಒಂದೊಂದು ಕೂದಲೂ ನಿಜವಾದ ಸಿಂಹದ್ದೇ ಅನ್ನುವ ಹಾಗೆ ಕಂಪ್ಯೂಟರಿನಲ್ಲಿ ಮಾಡಿದರು. ನಿಜವಾದ ಸಿಂಹ ಹುಬ್ಬು ಗಂಟಿಕ್ಕುವುದಿಲ್ಲ. ಅಪ್ಪ ಸತ್ತು ಬಿದ್ದಿದ್ದರೂ ಮರಿಯ ಮುಖ ಹೆಚ್ಚು ಕಡಿಮೆ ಹಾಗೆಯೇ ಇತ್ತು. ಆದರೆ ಸಿನಿಮಾ ಗಳಿಸಿದ್ದು 160 ಕೋಟಿ ಡಾಲರಿಗಿಂತ ಹೆಚ್ಚು! ನಮಗೆ ನಿರಾಶೆ ಆದರೂ ಇಂಥ ಸಿನಿಮಾ ಬರುತ್ತಲೇ ಇರುವುದು ಯಾಕೆ ಅಂತ ಈ ಲೆಕ್ಕದಲ್ಲೇ ಗೊತ್ತಾಗುತ್ತದೆ. ನಾವು ಟಿಕೆಟ್ ತೆಗೆಯುವುದು ಸಿನಿಮಾ ನೋಡುವ ಮೊದಲು. ಬೇಸರ ಆಗುವುದು ಆಮೇಲೆ.

ದೊಡ್ಡವರಿಗಾ, ಸಣ್ಣವರಿಗಾ?

ಇನ್ನೊಂದು ಪ್ರಶ್ನೆ ಉಂಟು. ಈ ಸಿನಿಮಾ ಯಾರಿಗೆ? 2008ರಲ್ಲಿ ಭೀಮನನ್ನು ನೋಡಿದವರಿಗೆ 2024ರಲ್ಲಿ ಇಪ್ಪತ್ತು ದಾಟಿದೆ. ನಮಗೆ ಇಎಂಐ ಉಂಟು, ಮ್ಯಾನೇಜರ್ ಉಂಟು, ಕೆಲವರಿಗೆ ಮಕ್ಕಳೂ ಉಂಟು. ಭೀಮ ಮಾತ್ರ ಅದೇ ವಯಸ್ಸು, ಅದೇ ಕಥೆ, ಅದೇ ವಿಲನ್.

ಬೆಳೆದ ಪ್ರೇಕ್ಷಕರ ಜೊತೆ ಕಾರ್ಟೂನು ಬೆಳೆಯಲಿಕ್ಕೆ ಆಗುತ್ತದೆ. ‘ಟಾಯ್ ಸ್ಟೋರಿ’ 1995ರದ್ದು. ಅದರ ಮೂರನೇ ಭಾಗ ಬಂದದ್ದು 2010ರಲ್ಲಿ. ಅಷ್ಟು ಹೊತ್ತಿಗೆ ಗೊಂಬೆಗಳ ಒಡೆಯ ಆಂಡಿಗೆ 17 ವರ್ಷ, ಕಾಲೇಜಿಗೆ ಹೊರಟಿದ್ದಾನೆ. ಗೊಂಬೆಗಳನ್ನು ಎಂತ ಮಾಡುವುದು ಅನ್ನುವುದೇ ಕಥೆ. ಮೊದಲ ಭಾಗ ನೋಡಿದ ಮಕ್ಕಳೂ ಆಗ ಹೆಚ್ಚು ಕಡಿಮೆ ಅದೇ ಪ್ರಾಯದವರು, ಅವರೂ ಮನೆ ಬಿಟ್ಟು ಹೊರಟವರು. ಅಟ್ಟದ ಮೇಲಿನ ಡಬ್ಬಿ ತೆರೆದು ನೋಡಿದ ಹಾಗೆ ಆಗಿರಬೇಕು ಅವರಿಗೆ.

ಸಣ್ಣ ಮಕ್ಕಳ ಕಡೆಗೆ ಹೋಗುವ ದಾರಿಯೂ ಉಂಟು, ಅದನ್ನು ಇದೇ ಗ್ರೀನ್ ಗೋಲ್ಡಿನವರೇ ತೋರಿಸಿಕೊಟ್ಟಿದ್ದಾರೆ. 2019ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಬಂದ ‘ಮೈಟಿ ಲಿಟ್ಲ್ ಭೀಮ್’ ನೋಡಿದ್ದೀರಾ? ಅಂಬೆಗಾಲಿಡುವ ಭೀಮ. ಸಂಭಾಷಣೆಯೇ ಇಲ್ಲ. ಲಡ್ಡು ಕಂಡರೆ ತೆವಳಿಕೊಂಡು ಹೋಗುವುದು, ಎಂತದೋ ಬೀಳಿಸುವುದು, ಅಮ್ಮ ಹುಡುಕಿಕೊಂಡು ಬರುವುದು, ಅಷ್ಟೇ. ಭಾರತದ ಹೊರಗೆ 2.7 ಕೋಟಿ ಮನೆಗಳಲ್ಲಿ ಅದನ್ನು ನೋಡಿದ್ದಾರೆ ಅಂತ ನೆಟ್‌ಫ್ಲಿಕ್ಸೇ ಹೇಳಿತ್ತು. ಭಾಷೆ ಬೇಡದ ಕಾರಣ ಅದು ಎಲ್ಲ ಭಾಷೆಯದ್ದೂ ಆಯಿತು. ನನ್ನ ಅಕ್ಕನ ಮಗ ಅದನ್ನು ಎಷ್ಟು ಸಲ ನೋಡಿದ್ದಾನೋ ಲೆಕ್ಕ ಇಲ್ಲ. ಅವನ ಭೀಮ ಯಾರು ಅಂತ ಕೇಳಿದರೆ ಆ ತೆವಳುವವನೇ.

2024ರ ಸಿನಿಮಾ ಈ ಎರಡೂ ದಾರಿ ಬಿಟ್ಟಿತು. ನಮಗೆ ಬೇಕಾದಷ್ಟು ದೊಡ್ಡದಾಗಲಿಲ್ಲ, ಅವನಿಗೆ ಬೇಕಾದಷ್ಟು ಹಗುರವಾಗಲಿಲ್ಲ. ಇಂಟರ್ವಲ್ಲಿನಲ್ಲಿ ಪಾಪ್‌ಕಾರ್ನ್ ಹಿಡಿದುಕೊಂಡು ಅಕ್ಕ ಕೇಳಿದ್ದು ಒಂದೇ ಮಾತು, “ಇನ್ನು ಎಷ್ಟು ಹೊತ್ತು ಉಂಟು?” ಹೊರಗೆ ಬಂದ ಮೇಲೆ ಮೂವರೂ ಗಡ್‌ಬಡ್ ತಿಂದೆವು. ಹುಡುಗನಿಗೆ ಆ ದಿನದ ನೆನಪು ಅಂತ ಉಳಿದದ್ದು ಗಡ್‌ಬಡ್ ಮಾತ್ರ.

ಮಹಿಷಾಸುರನ ಪ್ರವೇಶ

ಇಲ್ಲಿ ಕೆಲವರು ಹೇಳಬಹುದು, ಹಳೆಯದನ್ನು ಮತ್ತೆ ಮಾಡುವುದೇ ತಪ್ಪು, ಇದ್ದದ್ದನ್ನು ಇದ್ದ ಹಾಗೆ ಬಿಡಬೇಕು ಅಂತ. ಆ ಮಾತನ್ನು ಮಂಗಳೂರಿನವರು ಒಪ್ಪುವುದು ಸಾಧ್ಯವೇ ಇಲ್ಲ ಮಾರ್ರೆ. ನಾವು ಒಂದೇ ಕಥೆಯನ್ನು ಹುಟ್ಟಿದಲ್ಲಿಂದ ನೋಡುತ್ತಾ ಬಂದವರು.

‘ದೇವಿ ಮಹಾತ್ಮೆ’ ಪ್ರಸಂಗವನ್ನೇ ತೆಗೆದುಕೊಳ್ಳಿ. ಕಟೀಲು ಮೇಳದವರು ಅದನ್ನು ಎಷ್ಟು ಸಾವಿರ ಸಲ ಆಡಿರಬಹುದು! ಗದ್ದೆಯಲ್ಲಿ ಕೂತ ಮಗುವಿಗೂ ಗೊತ್ತು, ಕೊನೆಗೆ ಮಹಿಷಾಸುರ ಸಾಯುತ್ತಾನೆ. ಆದರೂ ಕಾಯುತ್ತದೆ. ಯಾಕೆಂದರೆ ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ, ಜನರ ನಡುವಿನಿಂದ, ದೊಂದಿಯ ಬೆಂಕಿಯಲ್ಲಿ, ಅಬ್ಬರಿಸುತ್ತಾ ಬರುತ್ತಾನೆ. ನಿದ್ದೆ ಮಾಡುತ್ತಿದ್ದ ಮಕ್ಕಳನ್ನು ಎಬ್ಬಿಸಿ ಕೂರಿಸುತ್ತಾರೆ. ಕೆಲವರು ಹೆದರಿ ಅಜ್ಜಿಯ ಸೀರೆಯೊಳಗೆ ಮುಖ ಹುದುಗಿಸುತ್ತಾರೆ, ಒಂದು ಕಣ್ಣು ಮಾತ್ರ ಹೊರಗೆ.

ಯಕ್ಷಗಾನ ಬದಲಾಗದೆ ಉಳಿದದ್ದಾ? ಖಂಡಿತ ಇಲ್ಲ. ಗ್ಯಾಸ್‌ಲೈಟು ಹೋಗಿ ಟ್ಯೂಬ್‌ಲೈಟು, ಆಮೇಲೆ ಎಲ್‌ಇಡಿ ಬಂತು. ಮೈಕು ಬಂತು. ರಾತ್ರಿ ಬೆಳಗಾಗುವವರೆಗೆ ನಡೆಯುತ್ತಿದ್ದ ಆಟಗಳು ಕಾಲಮಿತಿಗೆ ಇಳಿದವು. ಯೂಟ್ಯೂಬಿನಲ್ಲಿ ಲೈವ್ ಬಂತು. ಇಷ್ಟೆಲ್ಲ ಆದರೂ ಮಹಿಷಾಸುರ ಜನರ ನಡುವಿನಿಂದ ಬರುವುದನ್ನು ಬಿಡಲಿಲ್ಲ. ಯಾವುದನ್ನು ಬಿಟ್ಟರೂ ನಡೆಯುತ್ತದೆ, ಯಾವುದನ್ನು ಬಿಟ್ಟರೆ ಆಟವೇ ಇಲ್ಲ ಎಂಬ ಅಂದಾಜು ಆಡುವವರಿಗೂ ಉಂಟು, ನೋಡುವವರಿಗೂ ಉಂಟು.

ನಮ್ಮ ಕಂಕನಾಡಿ ಗರೋಡಿಯ ಕಡೆಗೆ ಹೋದವರಿಗೆ ಕೋಟಿ-ಚೆನ್ನಯರ ಕಥೆ ಹೊಸದಾಗಿ ಹೇಳಬೇಕಾಗಿಲ್ಲ. ಅದು ಪಾಡ್ದನದಲ್ಲಿ ಉಂಟು, ಯಕ್ಷಗಾನದಲ್ಲಿ ಉಂಟು, 1973ರಲ್ಲಿ ಒಮ್ಮೆ, 2007ರಲ್ಲಿ ಇನ್ನೊಮ್ಮೆ ತುಳು ಸಿನಿಮಾ ಆಗಿಯೂ ಬಂತು. ನಂಬಿಕೆಯ ಕಥೆಯನ್ನು ಲಡ್ಡು ತಿನ್ನುವ ಕಾರ್ಟೂನಿಗೆ ಹೋಲಿಸುತ್ತಿಲ್ಲ. ಹೇಳುವುದು ಇಷ್ಟೇ, ಕಥೆ ರೂಪ ಬದಲಿಸಿದರೆ ಮುನಿಸಿಕೊಳ್ಳುವ ಜನ ನಾವಲ್ಲ. ಕಥೆಯ ಜೀವ ಯಾವುದರಲ್ಲಿ ಉಂಟು ಅಂತ ತಿಳಿಯದೆ ಮೈ ಮಾತ್ರ ಬದಲಿಸಿದರೆ ನಮಗೆ ಗೊತ್ತಾಗಿಬಿಡುತ್ತದೆ.

ಹಾಗಾದರೆ ಛೋಟಾ ಭೀಮನಲ್ಲಿ ‘ಮಹಿಷಾಸುರನ ಪ್ರವೇಶ’ ಯಾವುದು? ಯಾವುದನ್ನು ಬಿಡಬಾರದಿತ್ತು?

ಶಾರ್ಜಾದಿಂದ ಬಂದ ಉತ್ತರ

ಇದಕ್ಕೆ ಉತ್ತರ ಕೊಟ್ಟವನು ತಮ್ಮ. ಅವನು ಸಿನಿಮಾವನ್ನು ಮೊಬೈಲಿನಲ್ಲಿ ನೋಡಿದ್ದು ಕೆಲವು ತಿಂಗಳು ಕಳೆದ ಮೇಲೆ. ಮುಗಿಸಿದವನೇ ಫೋನ್ ಮಾಡಿದ. “ಅಕ್ಕ, ಢೋಲಕ್‌ಪುರ ಎಲ್ಲಿ ಹೋಯ್ತು?”

“ಶುರುವಿಗೆ ಉಂಟಲ್ಲ” ಅಂದೆ.

“ಅದು ಇದ್ದದ್ದಲ್ಲ, ತೋರಿಸಿದ್ದು. ಇವರು ಹೊರಟು ಹೋಗುವ ಅರ್ಜೆಂಟಲ್ಲಿ ಇದ್ದಾರೆ. ನನಗೆ ಆ ದಮ್ಯಾನ್ ಎಲ್ಲ ಬೇಡ. ಚುಟ್ಕಿಯ ಅಮ್ಮ ಲಡ್ಡು ಮಾಡಿ ಕಿಟಕಿಯಲ್ಲಿ ಇಡಬೇಕು, ಇವ ಕದಿಯಬೇಕು, ಅವರು ಬೈಯಬೇಕು. ಅಷ್ಟೇ ಸಾಕಿತ್ತು.”

ಫೋನ್ ಇಟ್ಟ ಮೇಲೆ ತುಂಬ ಹೊತ್ತು ಅದನ್ನೇ ಯೋಚಿಸಿದೆ. ಢೋಲಕ್‌ಪುರ ಎಂಥ ಊರು? ಅಲ್ಲಿ ಯಾವ ಮನೆಯ ಬಾಗಿಲೂ ಹಾಕಿರುವುದಿಲ್ಲ. ಟುನ್‌ಟುನ್ ಮೌಸಿ ಯಾವಾಗ ನೋಡಿದರೂ ಮನೆಯಲ್ಲೇ. ಯಾರಿಗೆ ಕಷ್ಟ ಬಂದರೂ ಇಡೀ ಊರು ಒಟ್ಟು ಸೇರುತ್ತದೆ. ಕಾಲಿಯಾನಿಗೂ ಊರಲ್ಲಿ ಜಾಗ ಉಂಟು. ಎಷ್ಟು ಸಲ ಸೋತರೂ, ಎಷ್ಟು ಕಿತಾಪತಿ ಮಾಡಿದರೂ, ನಾಳೆಯ ಆಟಕ್ಕೆ ಅವನೂ ಬೇಕು. ಯಾರೂ ಒಂಟಿ ಅಲ್ಲದ ಊರು ಅದು.

ಬಾಗಿಲು ಒಳಗಿನಿಂದ ಹಾಕಿಕೊಂಡು ಅಮ್ಮನಿಗಾಗಿ ಕಾಯುತ್ತಿದ್ದ ಇಬ್ಬರು ಮಕ್ಕಳು ಆ ಊರನ್ನು ಯಾಕೆ ಅಷ್ಟು ಇಷ್ಟಪಟ್ಟರು ಅಂತ ಈಗ ಅರ್ಥ ಆಗುತ್ತದೆ. ನಮ್ಮ ತಲೆಮಾರಿನ ಎಷ್ಟೋ ಮನೆಗಳಲ್ಲಿ ಹೀಗೇ ಇತ್ತು. ಅಪ್ಪ-ಅಮ್ಮ ಇಬ್ಬರೂ ದುಡಿಯಲಿಕ್ಕೆ ಹೋದರು, ಕೂಡುಕುಟುಂಬ ಕರಗಿತು, ಅಂಗಳ ಹೋಗಿ ಫ್ಲ್ಯಾಟ್ ಬಂತು. ಹಾಗೆ ಇಲ್ಲವಾದ ಅಂಗಳವನ್ನು ನಾವು ಟಿವಿಯಲ್ಲಿ ನೋಡಿದೆವು.

2012ರ ಕಾರ್ಟೂನ್ ಸಿನಿಮಾದಲ್ಲೂ ಕಥೆ ಸೋನಾಪುರಕ್ಕೇ ಹೋಗುತ್ತಿತ್ತು, ನಿಜ. ಆದರೆ ಆಗ ಢೋಲಕ್‌ಪುರ ನಮಗೆ ದಿನಾ ಸಂಜೆ ಸಿಗುತ್ತಿತ್ತು. ಸಿನಿಮಾ ಅಂದರೆ ಊರಿನಿಂದ ಹೊರಟ ಒಂದು ಟೂರ್. 2024ರಲ್ಲಿ ನಾವು ಹೋದದ್ದು ಟೂರಿಗೆ ಅಲ್ಲ. ಹತ್ತು ಹನ್ನೆರಡು ವರ್ಷದ ನಂತರ ಊರಿಗೆ ಬಂದವರು ನಾವು. ಬಸ್ಸಿನಿಂದ ಇಳಿದು ಬ್ಯಾಗು ಕೆಳಗಿಡುವ ಮೊದಲೇ “ಹತ್ತಿ ಹತ್ತಿ, ಮರಳುಗಾಡಿಗೆ ಹೋಗುವ” ಅಂತ ಮತ್ತೊಂದು ಬಸ್ಸಿಗೆ ಹತ್ತಿಸಿದ ಹಾಗೆ ಆಯಿತು.

ಇದನ್ನೆಲ್ಲ ಅಮ್ಮನ ಹತ್ತಿರ ಹೇಳಿದೆ. ಅಮ್ಮ ಈಗ ರಿಟೈರ್ ಆಗಿದ್ದಾರೆ. ಮೀನು ತೊಳೆಯುತ್ತಾ ಕೇಳಿಸಿಕೊಂಡರು. “ಯಾರು, ಆ ಲಡ್ಡು ತಿನ್ನುವವನಾ? ಅವನು ಇದ್ದ ಕಾರಣ ನನಗೆ ಡ್ಯೂಟಿ ಮಾಡ್ಲಿಕ್ಕೆ ಆಯ್ತು” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಐದು ಗಂಟೆಗೆ ವಾರ್ಡಿನಲ್ಲಿ ಗಡಿಯಾರ ನೋಡ್ತಿದ್ದೆ. ಈಗ ಅದು ಶುರು ಆಗಿರ್ತದೆ, ಇಬ್ಬರೂ ಕೂತಿರ್ತಾರೆ ಅಂತ” ಅಂದರು.

ಅಷ್ಟು ವರ್ಷ ಅಮ್ಮನಿಗೆ ಕಾರ್ಟೂನಿನ ಟೈಮ್‌ಟೇಬಲ್ ಗೊತ್ತಿತ್ತು ಅನ್ನುವುದು ನನಗೆ ಗೊತ್ತೇ ಇರಲಿಲ್ಲ.

ಮತ್ತೆ ಈಗ ಯಾಕೆ?

ಈಗ ಮೊದಲು ಹೇಳಿದ ಕಾರಣಕ್ಕೆ ಬರುತ್ತೇನೆ. ಭಾರತದಲ್ಲಿ ಆನಿಮೇಷನ್ ಸಿನಿಮಾ ಥಿಯೇಟರಿನಲ್ಲಿ ಓಡುವುದಿಲ್ಲ, ದೊಡ್ಡವರು ಬರಬೇಕಾದರೆ ನಿಜವಾದ ನಟರೇ ಬೇಕು ಅನ್ನುವ ಒಂದು ಮಾತು ಬಹಳ ಕಾಲದಿಂದ ಇತ್ತು. 2025ರ ಜುಲೈ 25ರಂದು ‘ಮಹಾವತಾರ್ ನರಸಿಂಹ’ ಬಂತು. ಅಶ್ವಿನ್ ಕುಮಾರ್ ನಿರ್ದೇಶನ, ಕ್ಲೀಂ ಪ್ರೊಡಕ್ಷನ್ಸ್ ನಿರ್ಮಾಣ, ಅರ್ಪಿಸಿದ್ದು ನಮ್ಮ ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್. ಪೂರ್ತಿ ಆನಿಮೇಷನ್. ಕನ್ನಡದಲ್ಲೂ ಬಂತು. ಗಳಿಕೆ 300 ಕೋಟಿ ರೂಪಾಯಿ ದಾಟಿತು ಅಂತ ವರದಿಗಳು ಬಂದವು. ಪ್ರಹ್ಲಾದನ ಕಥೆ ಯಾರಿಗೆ ಗೊತ್ತಿಲ್ಲ? ನಾನು ನೋಡಿದ ಶೋಗೆ ಅಜ್ಜಿಯಂದಿರೂ ಬಂದಿದ್ದರು, ಮಕ್ಕಳೂ ಬಂದಿದ್ದರು. ನರಸಿಂಹ ಕಂಬ ಒಡೆದು ಬಂದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಸೀಟಿನ ಮೇಲೆ ಎದ್ದು ನಿಂತಿದ್ದಳು.

ಭಕ್ತಿಯ ಬಲ ಆ ಸಿನಿಮಾದ ಹಿಂದೆ ಇತ್ತು, ಅದನ್ನು ಅಲ್ಲಗಳೆಯಲಿಕ್ಕೆ ಆಗುವುದಿಲ್ಲ. ಆದರೂ ಒಂದು ಮಾತು ನಿಜ ಆಯಿತು. ಚಿತ್ರದಲ್ಲಿ ಬರೆದ ಪಾತ್ರ ಅಂದರೆ ಅರ್ಧ ಬೆಂದ ಅನ್ನ, ಮನುಷ್ಯರು ನಟಿಸಿದರೆ ಮಾತ್ರ ಅದು ಪೂರ್ತಿ ಬೇಯುತ್ತದೆ ಅನ್ನುವುದು ಸುಳ್ಳು. ಸಿಂಹದ ತಲೆ, ಮನುಷ್ಯನ ಮೈ ಇರುವ ದೇವರನ್ನು ತೋರಿಸಲಿಕ್ಕೆ ಚಿತ್ರಕ್ಕಿಂತ ಒಳ್ಳೆಯ ದಾರಿ ಯಾವುದು? ಲಡ್ಡು ತಿಂದು ಉಬ್ಬುವ ತೋಳಿಗೂ ಅದೇ ಮಾತು. ಭೀಮನನ್ನು ‘ಮೇಲಕ್ಕೆ’ ಎತ್ತುತ್ತೇವೆ ಅಂತ ಅವನು ಹುಟ್ಟಿದ ಕಾಗದದಿಂದಲೇ ಎಬ್ಬಿಸಿ ತಂದದ್ದು ಬೇಕಿರಲಿಲ್ಲ.

ಪ್ರೇಕ್ಷಕರ ಮಾತು ಕೇಳಿದ ಉದಾಹರಣೆಯೂ ಒಂದು ಉಂಟು. 2019ರಲ್ಲಿ ‘ಸೋನಿಕ್ ದ ಹೆಡ್ಜ್‌ಹಾಗ್’ ಟ್ರೇಲರ್ ಬಂದಾಗ ಮನುಷ್ಯರ ಹಲ್ಲು ಇದ್ದ ಆ ನೀಲಿ ಪ್ರಾಣಿಯನ್ನು ನೋಡಿ ವಿಡಿಯೋ ಗೇಮಿನ ಅಭಿಮಾನಿಗಳು ರೇಗಿದರು. ನಿರ್ದೇಶಕ ಜೆಫ್ ಫೌಲರ್ ಆಯಿತು, ಬದಲಿಸುತ್ತೇವೆ ಅಂದರು. ನವೆಂಬರ್‌ನಲ್ಲಿ ಬರಬೇಕಾದ ಸಿನಿಮಾವನ್ನು 2020ರ ಫೆಬ್ರವರಿಗೆ ತಳ್ಳಿ, ಸೋನಿಕ್‌ನನ್ನು ಗೇಮಿನಲ್ಲಿ ಇದ್ದವನಿಗೆ ಹತ್ತಿರವಾಗಿ ಮತ್ತೆ ರೂಪಿಸಿದರು. ಸಿನಿಮಾ ಗೆದ್ದಿತು, ಮುಂದಿನ ಭಾಗಗಳೂ ಬಂದವು. ಟ್ರೇಲರ್ ನೋಡಿದಾಗಲೇ ನಮಗೆ ಅನಿಸಿದ್ದನ್ನು ಗಟ್ಟಿಯಾಗಿ ಹೇಳಿದರೆ ಕೆಲವೊಮ್ಮೆ ಕೆಲಸ ಆಗುತ್ತದೆ. ಗ್ರೂಪಿನಲ್ಲಿ ಸುಮ್ಮನೆ ಕೂತರೆ ಆಗುವುದಿಲ್ಲ.

ಮುಂದೆಯೂ ಇಂಥ ಸಿನಿಮಾ ಬರುತ್ತವೆ. ನೀವೂ ಹೋಗುತ್ತೀರಿ, ನಾನೂ ಹೋಗುತ್ತೇನೆ. ಹೋಗುವ ಮೊದಲು ಒಂದು ಕೆಲಸ ಮಾಡಿ. ಆ ಕಾರ್ಟೂನಿನಲ್ಲಿ ನಿಮಗೆ ಬೇಕಾಗಿದ್ದದ್ದು ಎಂತ ಅಂತ ಒಮ್ಮೆ ಕೂತು ನೆನಪು ಮಾಡಿಕೊಳ್ಳಿ. ಹೀರೋ ಆಗಿರಲಿಕ್ಕಿಲ್ಲ. ಪಕ್ಕದಲ್ಲಿ ಕೂತಿದ್ದ ಅಣ್ಣನೋ ತಂಗಿಯೋ ಆಗಿರಬಹುದು, ಅಡುಗೆಮನೆಯಿಂದ ಬರುತ್ತಿದ್ದ ಒಗ್ಗರಣೆಯ ವಾಸನೆ ಆಗಿರಬಹುದು. ಅದು ಯಾವ ಥಿಯೇಟರಿನಲ್ಲೂ ಸಿಗುವುದಿಲ್ಲ. ಕೆಲವು ಸಲ ಫೋನಿನಲ್ಲಿ ಸಿಗುತ್ತದೆ.

ನಾನು, ತಮ್ಮ ಈಗ ಶುಕ್ರವಾರ ರಾತ್ರಿ ಒಂದು ಹಳೆಯ ಎಪಿಸೋಡ್ ಒಟ್ಟಿಗೆ ನೋಡುತ್ತೇವೆ. ಶಾರ್ಜಾದಲ್ಲಿ ಒಂಬತ್ತು ಗಂಟೆ ಆಗುವಾಗ ಇಲ್ಲಿ ಹತ್ತೂವರೆ. ವಿಡಿಯೋ ಕಾಲ್ ಹಾಕಿ, ಒಂದು-ಎರಡು-ಮೂರು ಹೇಳಿ ಇಬ್ಬರೂ ಒಟ್ಟಿಗೆ ಪ್ಲೇ ಒತ್ತುತ್ತೇವೆ. ಅವನ ಕಡೆ ನೆಟ್ ನಿಧಾನ, ಹಾಗಾಗಿ ಅವನ ನಗು ನನಗಿಂತ ಮೂರು ಸೆಕೆಂಡ್ ತಡವಾಗಿ ಬರುತ್ತದೆ. ಅಕ್ಕನ ಮಗ ನಮ್ಮಲ್ಲಿಗೆ ಬಂದ ವಾರ ಅವನೂ ನಡುವೆ ನುಗ್ಗಿ ಕೂರುತ್ತಾನೆ, ಅಮ್ಮನೂ ಕನ್ನಡಕ ಹಾಕಿಕೊಂಡು ಬಗ್ಗಿ ನೋಡುತ್ತಾರೆ. ಕಳೆದ ವಾರ ಕಾಲಿಯಾ ಮತ್ತೆ ಸೋತ.

ನಿಮ್ಮದು ಯಾವ ಕಾರ್ಟೂನು? ಅದನ್ನು ಯಾರ ಪಕ್ಕ ಕೂತು ನೋಡಿದ್ದು? ಅವರಿಗೆ ಇವತ್ತು ಒಂದು ಮೆಸೇಜ್ ಹಾಕಿ. ಆಮೇಲೆ ಪುರುಸೊತ್ತಿದ್ದರೆ ನನಗೂ ಬರೆಯಿರಿ.